ಹಾಗಲಕಾಯಿ, ನಾನೂರು ಎಲೆಗೆ

೧.

ಎಲ್ಲಿಂದ ಶುರು ಮಾಡಲಿ, ಅಕ್ಕಿಯಿಂದಲೋ ಜನರಿಂದಲೋ? ಜನರಿಂದ ಶುರು ಮಾಡಿದರೆ ನೀವು ಅವರನ್ನು ಇಷ್ಟಪಡಬೇಕಾಗುತ್ತದೆ. ಅಕ್ಕಿಗೆ ಆ ಕಷ್ಟವಿಲ್ಲ. ನೂರು ಎಲೆಗೆ ಹನ್ನೊಂದು ಕೆಜಿ, ನಾನೂರು ಎಲೆಗೆ ನಲವತ್ತನಾಲ್ಕು. ಹೀಗೆ ಶುರುವಾಗುವ ಕಥೆಯನ್ನು ಯಾರೂ ಮುಂದೆ ಓದುವುದಿಲ್ಲ ಅಂತ ಗೊತ್ತು. (ನೀವು ಇನ್ನೂ ಇದ್ದೀರಿ. ಥ್ಯಾಂಕ್ಸ್.)

ಮೊದಲ ಡ್ರಾಫ್ಟಿನಲ್ಲಿ ಒಬ್ಬ ಹೆಂಗಸು ಕಿಟಕಿಯ ಪಕ್ಕ ಕೂತು ಸೂಪು ಕುಡಿಯುತ್ತಿದ್ದರು. ಹೊರಗೆ ಹಿಮ ಬೀಳುತ್ತಿತ್ತು. ಅನುವಾದದ ಕಾದಂಬರಿಗಳನ್ನೇ ಓದಿ ಬೆಳೆದವನ ತಲೆಯಲ್ಲಿ ಹವಾಮಾನ ಯಾವಾಗಲೂ ಬೇರೆ ದೇಶದ್ದು. ಹೆಂಗಸು ಮಾತ್ರ ತ್ಯಾಗರಾಜನಗರದವರು. ಸೂಪಿನ ಬಟ್ಟಲನ್ನು ಪಕ್ಕಕ್ಕಿಟ್ಟು ಅವರೇ ಹೇಳಿದರು: "ಇದಕ್ಕೆ ಉಪ್ಪು ಹಾಕಿಲ್ಲ ನೀನು. ಬೇರೆ ಬರಿ."

ಬೇರೆ ಬರೆಯುತ್ತಿದ್ದೇನೆ.

೨.

ಚೂಡಾಮಣಿ, ಅರವತ್ತೆರಡು ವರ್ಷ. ಗಂಡ ತಿರುಮಲೇಶ, ರಿಟೈರಾದ ಹೈಸ್ಕೂಲ್ ಮೇಷ್ಟ್ರು. ಮಗ ನಚಿಕೇತ, ೨೦೨೧ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಹೋದ. ಸೊಸೆ ತನ್ಮಯಿ ತವರಿಗೆ ವಾಪಸ್ ಹೋಗದೆ ಅತ್ತೆ ಮಾವನ ಜೊತೆಗೇ ಉಳಿದಳು. ಈಗ ಅವಳಿಗೆ ಮತ್ತೆ ಮದುವೆ. ಹುಡುಗ ಸೋಮನಾಥ್, ಲಿಂಗಾಯತರು, ಬಿಟಿಎಂ ಲೇಔಟಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ರಿಜಿಸ್ಟರ್ ಮದುವೆ ಆಗಿಹೋಗಿದೆ. ಭಾನುವಾರ ಬನಶಂಕರಿಯ ಒಂದು ಛತ್ರದಲ್ಲಿ ರಿಸೆಪ್ಷನ್. ಮಾಡಿಸುತ್ತಿರುವವರು ಅತ್ತೆ ಮಾವ. ಅಡುಗೆಯೂ ಅತ್ತೆಯದೇ.

(ಪೇಪರಿನವರಿಗೆ ಸಿಕ್ಕಿದ್ದರೆ 'ಸೊಸೆಗೆ ತಾಯಿಯಾದ ಅತ್ತೆ' ಅಂತ ಹಾಕುತ್ತಿದ್ದರು. ಫೋಟೋದಲ್ಲಿ ಎಲ್ಲರೂ ನಗುತ್ತಿರುತ್ತಿದ್ದರು. ನಾನು ಹೊರಟಿದ್ದೂ ಅದೇ ಕಥೆ ಬರೆಯಲು. ಅರ್ಧ ಪುಟ ಆಗುವಷ್ಟರಲ್ಲಿ ನನ್ನ ವಾಕ್ಯಕ್ಕೆ ನನಗೇ ಕಣ್ಣು ತುಂಬಿತು. ತಕ್ಷಣ ಡಿಲೀಟ್ ಮಾಡಿದೆ.)

ತನ್ಮಯಿ ಹೇಳಿದಳು: "ಕೇಟರಿಂಗ್‌ನೋರಿಗೆ ಕೊಟ್ಬಿಡೋಣ ಅತ್ತೆ. ನೂರೈವತ್ತು ಜನ ಸಾಕು."

"ಕೇಟರಿಂಗ್‌ನೋರ ಸಾರು ಕುಡಿದು ಯಾರಾದ್ರೂ ಮನಸಾರೆ ಹರಸಿದ್ದು ನೋಡಿದೀಯಾ? ನಾನೇ ಮಾಡ್ತೀನಿ. ನಾನೂರು ಎಲೆ."

"ನಾನೂರು ಜನ ಎಲ್ಲಿಂದ ಬರ್ತಾರೆ? ನಂದು ಎರಡನೇ ಮದುವೆ."

"ಎರಡನೇದು ಅಂತ ಅರ್ಧ ಹೊಟ್ಟೆ ಉಣ್ತಾರೇನೇ ಜನ?"

ಸೋಮನಾಥ್ ಸೋಫಾದ ತುದಿಯಲ್ಲಿ ಕೂತಿದ್ದ. ಆ ಮನೆಯಲ್ಲಿ ಅವನು ಯಾವಾಗಲೂ ತುದಿಯಲ್ಲೇ ಕೂರುತ್ತಾನೆ. ಎದುರು ಗೋಡೆಯ ಮೇಲೆ ನಚಿಕೇತನ ಫೋಟೋ ಇದೆ. ನಚಿಕೇತನ ಕನ್ನಡಕದ ಫ್ರೇಮು ಸ್ವಲ್ಪ ಎಡಕ್ಕೆ ವಾಲಿರುವುದನ್ನು ಕಸುಬಿನ ಕಣ್ಣು ಮೊದಲ ದಿನವೇ ಕಂಡಿತ್ತು. ಅವನು ಅದನ್ನು ಯಾರಿಗೂ ಹೇಳಿಲ್ಲ.

"ಆಂಟಿ, ಸಂಜೆ ಇಟ್ಕೊಂಡ್ರೆ ನಮ್ ಕಡೆಯೋರು ಅಂಗಡಿ ಮುಚ್ಚಿ ಬರ್ಬೋದು," ಅಂದ.

"ಮಧ್ಯಾಹ್ನಾನೇ ಇರ್ಲಪ್ಪ. ಊಟ ಅಂದ್ರೆ ಮಧ್ಯಾಹ್ನ."

ರಿಸೆಪ್ಷನ್ನನ್ನು ಯಾರು ಮಧ್ಯಾಹ್ನ ಇಡುತ್ತಾರೆ ಅಂತ ಸೋಮನಾಥ್ ಕೇಳಲಿಲ್ಲ. ಅವನು ಹೊಸಬ. ನಾನು ಕೇಳಬೇಕಿತ್ತು.

೨. (ಇನ್ನೊಂದು ಸಲ, ಅಡುಗೆಯ ಪಟ್ಟಿಗಾಗಿ)

ನಾನೂರು ಜನಕ್ಕೆ ಮನೆಯವರೇ ಅಡುಗೆ ಮಾಡುವುದನ್ನು ನೀವು ನಂಬುವುದಿಲ್ಲ. ಅದಕ್ಕೆ ಭಜನಾ ಮಂಡಳಿಯ ಆರು ಹೆಂಗಸರನ್ನೂ ಎರಡು ದೊಡ್ಡ ಗ್ಯಾಸ್ ಒಲೆಗಳನ್ನೂ ಕೊಟ್ಟಿದ್ದೇನೆ. ಚೂಡಾಮಣಿ ಬೀದಿಯ ಎಷ್ಟೋ ಮುಂಜಿಗಳಿಗೆ ಬೇಳೆ ಬೆಲ್ಲ ಅಳೆದುಕೊಟ್ಟವರು ಅಂತಲೂ ಸೇರಿಸಿದ್ದೇನೆ. ಮೆನು ನಾನೇ ಹಾಕಿದೆ: ಕೋಸಂಬರಿ, ಬೀನ್ಸ್ ಪಲ್ಯ, ಆಲೂಗಡ್ಡೆ ಬೋಂಡಾ, ಟೊಮೇಟೊ ಸಾರು, ಹೋಳಿಗೆ. ತೊಗರಿಬೇಳೆ ಎಷ್ಟು ಎಂಬಲ್ಲಿ ಗೂಗಲ್ ಮಾಡಿದೆ.

"ಹದಿನಾರು ಕೆಜಿ," ಅಂದರು ಚೂಡಾಮಣಿ, ಗೂಗಲ್‌ಗಿಂತ ಮುಂಚೆ. "ಹುಳಿಗೆ ಅಷ್ಟು ಬೇಕು. ಸಾರಿಗೆ ಬೇರೆ. ಮೊಸರು ಅರವತ್ತು ಲೀಟರ್. ಬಿಸಿಲು ಜಾಸ್ತಿ ಇದ್ರೆ ಇನ್ನೂ ಹತ್ತು. ಕೊನೇ ಪಂಕ್ತಿಗೆ ಸಾಲದೆ ಬಂದ್ರೆ ಏನ್ ಮಾಡ್ತೀಯ, ಇನ್ನೊಂದು ಪ್ಯಾರಾ ಬರೀತೀಯಾ?"

ಮಾರನೇ ದಿನ ಫೈಲು ತೆರೆದರೆ ನಾನು ಬರೆದ ಬೀನ್ಸ್ ಇರಲಿಲ್ಲ. ಆಲೂಗಡ್ಡೆ ಇರಲಿಲ್ಲ. ಟೊಮೇಟೊ ಸಾರು ಮೆಣಸಿನ ಸಾರಾಗಿತ್ತು. ಬೋಂಡಾ ಇದ್ದ ಜಾಗದಲ್ಲಿ ಉದ್ದಿನ ವಡೆ. ಪಾತ್ರಗಳು ನನ್ನ ಮಾತು ತಿದ್ದಿದರೆ ಸಹಿಸಬಹುದು, ಇವರು ಫೈಲನ್ನೇ ತಿದ್ದುತ್ತಾರೆ ಅಂತ ನಕ್ಕು ಸುಮ್ಮನಾದೆ. ಮಾಡರ್ನ್ ಆಗಿದೆ ಅನ್ನಿಸಿತ್ತು ಕೂಡ.

೪.

(ಮೂರನೆಯದು ಸೋಮನಾಥ್ ಮತ್ತು ತನ್ಮಯಿ ಪ್ರೀತಿಸಿದ ಬಗೆ. ಅವಳು ರೀಡಿಂಗ್ ಗ್ಲಾಸಿಗೆಂದು ಮಾವನನ್ನು ಕರೆದುಕೊಂಡು ಅಂಗಡಿಗೆ ಹೋದದ್ದು, ಇತ್ಯಾದಿ. ಚೆನ್ನಾಗಿತ್ತು. ತನ್ಮಯಿ ಬೇಡ ಅಂದಳು. "ಅದೊಂದಾದ್ರೂ ನಂಗೇ ಇರ್ಲಿ ಸಾರ್.")

ಶನಿವಾರ ಮಧ್ಯಾಹ್ನ, ಛತ್ರದ ಅಡುಗೆಮನೆ. ತಿರುಮಲೇಶ ಬೆಳಿಗ್ಗೆಯೇ ಮಡಿವಾಳ ಮಾರ್ಕೆಟ್ಟಿಗೆ ಹೋಗಿ ಆಟೋದಲ್ಲಿ ತಂದ ತರಕಾರಿಯ ಚೀಲಗಳು ನೆಲದ ಮೇಲಿವೆ. ಮಂಡಳಿಯ ಹೆಂಗಸರು ಹೆಚ್ಚಲು ಬಂದಿದ್ದಾರೆ. ಪಕ್ಕದ ಮನೆಯ ಜಯಶೀಲಾ ಈಳಿಗೆಮಣೆ ಹಾಕಿಕೊಂಡು ಕೂತು ಮೊದಲ ಚೀಲದ ಬಾಯಿ ಬಿಚ್ಚಿದರು.

ಬಿಚ್ಚಿ, ಎದ್ದು ನಿಂತರು.

"ಚೂಡಾಮಣಿ, ಇದು ಯಾರದ್ದೋ ಚೀಲ ಅದಲುಬದಲಾಗಿ ಬಂದಿದೆ ಕಣೆ."

"ಇಲ್ಲ. ನಮ್ಮದೇ."

ಎರಡನೇ ಚೀಲದಲ್ಲಿ ಬಾಳೆಕಾಯಿ. ಮೂರನೆಯದರಲ್ಲಿ ಗೋರಿಕಾಯಿ. ಒಲೆಯ ಪಕ್ಕ ಒಂದು ಡಬ್ಬದ ತುಂಬಾ ಕರಿ ಎಳ್ಳು. ಮೊದಲನೇ ಚೀಲದಲ್ಲಿ ಹಾಗಲಕಾಯಿ.

ಓದುಗರಲ್ಲಿ ಕೆಲವರಿಗೆ ಈಗಾಗಲೇ ಗೊತ್ತಾಗಿರುತ್ತದೆ. ಉಳಿದವರಿಗೆ ಹೇಳುತ್ತೇನೆ, ಒಗಟು ಮಾಡುವುದಿಲ್ಲ. ಬ್ರಾಹ್ಮಣರ ಈ ಮನೆಗಳಲ್ಲಿ ಹಾಗಲಕಾಯಿ ಮದುವೆಗೆ ಬರುವುದಿಲ್ಲ. ಮಧ್ಯಾಹ್ನದ ಊಟ, ಹಾಗಲಕಾಯಿ ಗೊಜ್ಜು, ಬಾಳೆಕಾಯಿ ಪಲ್ಯ, ಮೆಣಸಿನ ಸಾರು, ವಡೆ, ಎಳ್ಳುಂಡೆ. ಬೀನ್ಸ್, ಆಲೂಗಡ್ಡೆ, ಟೊಮೇಟೊ ಕೂಡದು. ಇದು ತಿಥಿಯ ಅಡುಗೆ. ಸತ್ತವರಿಗೆ ಬಡಿಸುವುದು. ಚೂಡಾಮಣಿ ಸೊಸೆಯ ಮದುವೆಗೆ ಮಗನ ತಿಥಿಯ ಊಟವನ್ನು ನಾನೂರು ಎಲೆಗೆ ಅಳೆದಿಟ್ಟಿದ್ದರು. ನನ್ನದೇ ಕಥೆಯಲ್ಲಿ, ನನ್ನ ಕಣ್ಣ ಮುಂದೆ.

ತನ್ಮಯಿ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಗೆ ಮೆಹೆಂದಿ ಹಚ್ಚಿಸಿಕೊಂಡು ಬಂದಿದ್ದಳು, ಇನ್ನೂ ಹಸಿ, ಅದಕ್ಕೆ ಕೈಗಳನ್ನು ಮುಂದಕ್ಕೆ ಚಾಚಿಕೊಂಡಿದ್ದಳು.

"ಅತ್ತೆ, ಮದುವೆಗೆ ಹಾಗಲಕಾಯಿ ಯಾರು ತರ್ತಾರೆ?"

"ಶುಗರ್ ಇರೋರು ಎಷ್ಟ್ ಜನ ಬರ್ತಾರೆ, ಅವರಿಗೆ ಒಳ್ಳೇದು."

"ಬೀನ್ಸ್ ಎಲ್ಲಿ?"

"ಬೀನ್ಸ್ ನಾರು ಬಂದಿತ್ತಂತೆ."

"ಎಳ್ಳು?"

ಚೂಡಾಮಣಿ ಎಳ್ಳಿನ ಡಬ್ಬದ ಮುಚ್ಚಳ ಹಾಕಿದರು. ತನ್ಮಯಿ ಮಾವನ ಕಡೆ ತಿರುಗಿದಳು. ಅವರು ಮೂಲೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಸೋಮನಾಥ್ ಕೊಟ್ಟ ಕನ್ನಡಕ.

"ಮಾವ, ತರೋವಾಗ ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತಮ್ಮ."

"ಮತ್ತೆ?"

"ಎಳೇದು ನೋಡಿ ಆರಿಸ್ಕೊಂಡ್ ಬಂದೆ."

೫.

ಇಲ್ಲಿ ನಾನು ಕಥೆ ನಿಲ್ಲಿಸಿ ಚೂಡಾಮಣಿಯವರನ್ನು ಪಕ್ಕಕ್ಕೆ ಕರೆದೆ. (ಪಕ್ಕ ಅಂದರೆ ಪುಟದ ಮಾರ್ಜಿನ್ನು. ಅಲ್ಲಿ ಫ್ಯಾನಿಲ್ಲ.)

"ಆಂಟಿ, ಅವಳು ಏನು ಮಾಡಿದ್ಲು ನಿಮಗೆ? ಹೊಸ ಬಾಳು ಶುರು ಮಾಡೋ ದಿನ ಅವಳ ಮುಂದೆ ಆ ಎಲೆ ಹಾಕ್ತೀರಾ?"

"ಅವಳೇನೂ ಮಾಡಿಲ್ಲ. ನನ್ನ ಮಗಳ ಹಾಗೆ ನೋಡ್ಕೊಂಡಿದೀನಿ. ನಿನ್ನನ್ನು ಕೇಳಿ ನೋಡ್ಕೊಂಡಿಲ್ಲ."

"ಮತ್ತೆ ಯಾಕೆ?"

"ನಚಿ ಹೋದಾಗ ನಮ್ಮ ಮೂರೂ ಜನಕ್ಕೂ ಬಂದಿತ್ತು. ಒಬ್ಬೊಬ್ಬರು ಒಂದೊಂದು ರೂಮಲ್ಲಿ. ಅವನನ್ನ ಯಾರೋ ಪ್ಲಾಸ್ಟಿಕ್ಕಲ್ಲಿ ಸುತ್ತಿ ಕರ್ಕೊಂಡ್ ಹೋದ್ರು, ಇವರು ಫೋನಲ್ಲಿ ನೋಡಿದ್ರು. ಹದಿಮೂರನೇ ದಿನ ಜಯಶೀಲಾ ಪೊಂಗಲ್ ಮಾಡಿ ಗೇಟಿಗೆ ಕವರ್ ಸಿಕ್ಕಿಸಿ ಹೋದ್ಲು. ಅದೇ ಅವನ ಊಟ. ನಂಗೆ ಆಗ ರುಚಿ ಇಲ್ಲ, ವಾಸನೆ ಇಲ್ಲ. ಉಪ್ಪಿತ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ."

"ವರ್ಷಾ ವರ್ಷಾ ತಿಥಿ ಮಾಡಿಲ್ವಾ?"

"ಮಠದಲ್ಲಿ ಮಾಡಿಸ್ತೀವಿ. ಹತ್ತು ಮನೆಯೋರ ತಿಥಿ, ಒಂದೇ ಒಲೆ. ಚೀಟಿ ತಗೊಂಡ್ ಕೂತ್ಕೋಬೇಕು. ನಾನು ನನ್ನ ಮಗನಿಗೆ ಒಂದು ಸೌಟು ಅನ್ನ ಬಡಿಸಿಲ್ಲ."

"ನಾನೂರು ಯಾಕೆ?"

"ಫೋನ್ ಮಾಡಿದ್ರಲ್ಲ ಎಲ್ಲರೂ. ಬರ್ಬೇಕಿತ್ತು, ಬರೋ ಹಾಗಿಲ್ಲ ಅಂತ. ಈಗ ಬರ್ಬೋದಲ್ಲ. ತನ್ಮಯಿ ಹೊರಟುಹೋದ ಮೇಲೆ ನಚಿ ಹೆಸರಲ್ಲಿ ನಮ್ಮನೆಗೆ ಯಾರು ಬರ್ತಾರೆ? ನಾನೂರು ಜನ ಒಟ್ಟಿಗೆ ಸಿಗೋದು ಇದೊಂದೇ ದಿನ."

 ಆಗ ಲೇಖಕರು ಮಾಡುವ ಕೆಲಸ ಮಾಡಿದೆ. ಒಂದು ಸಾಲು ಬರೆದೆ: ನಚಿಕೇತ ಹೋದ ಹದಿಮೂರನೆಯ ದಿನ ಅವನ ಮನೆಗೆ ನಾನೂರು ಜನ ಬಂದು ಊಟ ಮಾಡಿದರು.

"ತಗೊಳ್ಳಿ," ಅಂದೆ. "ಆಯ್ತು. ಈಗ ಬೀನ್ಸ್ ಹೆಚ್ಚಿಸಿ."

ಅವರು ಸಾಲನ್ನು ಓದಿದರು. "ಯಾರ್ಯಾರು ಬಂದ್ರು?"

"ನಾನೂರು ಜನ."

"ಅದೇ, ಯಾರು? ನಮ್ಮಣ್ಣ ಬಂದ್ನಾ? ಅಮ್ಮಣ್ಣಿ ಚಿಕ್ಕಮ್ಮ? ಅವಳೂ ಅದೇ ವಾರ ಹೋದ್ಲಲ್ಲ, ಅವಳು ಹೆಂಗೆ ಬರ್ತಾಳೆ? ಮೊಸರನ್ನಕ್ಕೆ ಮುಂಚೆ ಎದ್ದೋರು ಯಾರು? ಅತ್ತೋರು ಯಾರು?"

ನನಗೆ ಒಬ್ಬರ ಹೆಸರೂ ಹೊಳೆಯಲಿಲ್ಲ. ಸಾಲನ್ನು ಅಳಿಸಿದೆ. ಅಳಿಸುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

೬. ಕೊನೆಗಳು

ಕೊನೆ ಒಂದು: ತನ್ಮಯಿ ಗಟ್ಟಿಯಾಗಿ ಬೇಡ ಅನ್ನುತ್ತಾಳೆ. ತಿರುಮಲೇಶ ಮತ್ತೆ ಆಟೋ ಹಿಡಿದು ಬೀನ್ಸ್ ತರುತ್ತಾರೆ. ರಿಸೆಪ್ಷನ್ ಚೆನ್ನಾಗಿ ನಡೆಯುತ್ತದೆ. ಹಾಗಲಕಾಯಿಯ ಚೀಲ ಛತ್ರದ ಹಿಂದಿನ ಗೋಡೆಗೆ ಒರಗಿಕೊಂಡು ಹಳದಿಯಾಗುತ್ತದೆ. ಚೂಡಾಮಣಿ ಮತ್ತೆ ಅಡುಗೆ ಮಾಡುತ್ತಾರೆ, ಆದರೆ ಅವರು ಊಟಕ್ಕೆ ಕೂತರೋ ಇಲ್ಲವೋ ಯಾರೂ ಗಮನಿಸುವುದಿಲ್ಲ.

ಕೊನೆ ಎರಡು: ಯಾರೂ ತಡೆಯುವುದಿಲ್ಲ. ಭಾನುವಾರ ಎಲೆ ಹಾಕುತ್ತಾರೆ. ಸೋಮನಾಥನ ಕಡೆಯವರ ಮನೆಗಳಲ್ಲಿ ಈ ಲೆಕ್ಕ ಇಲ್ಲ. ಅವರು ಗೊಜ್ಜನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು, ಅಡುಗೆ ಸಖತ್ತಾಗಿದೆ ಅನ್ನುತ್ತಾರೆ. ಎದುರು ಸಾಲಿನಲ್ಲಿ ಚೂಡಾಮಣಿಯವರ ಕಡೆಯವರು ಎಲೆಯನ್ನು ನೋಡುತ್ತಾರೆ. ಅರ್ಥವಾಗುತ್ತದೆ. ಯಾರೂ ಕೈ ಇಡುವುದಿಲ್ಲ. ಮದುಮಗಳು ನಡುವೆ ಕೂತಿರುತ್ತಾಳೆ, ಒಂದು ಕಡೆ ನಗು ಕೇಳುತ್ತಿರುತ್ತದೆ. (ಇದನ್ನು ಬರೆದಾಗ ನನಗೆ ತುಂಬ ಖುಷಿಯಾಯಿತು. ಎಂಥ ಇಮೇಜು ಅಂತ. ಆ ಖುಷಿಗಾಗಿಯೇ ಇದನ್ನು ಕೈಬಿಡುತ್ತಿದ್ದೇನೆ.)

ಕೊನೆ ಮೂರು ತನ್ಮಯಿಯದು. ನಾನು ಯೋಚಿಸುತ್ತಿರುವಾಗ ಅವಳೇ ಶುರು ಮಾಡಿದಳು.

೭.

ಅವಳು ಒಳಗೆ ಬಂದು ಚೀಲದ ಪಕ್ಕ ನೆಲದ ಮೇಲೆ ಕೂತಳು. ಮೆಹೆಂದಿಯ ಕೈಗಳನ್ನು ಮಂಡಿಯ ಮೇಲೆ ಅಂಗೈ ಮೇಲೆ ಮಾಡಿ ಇಟ್ಟುಕೊಂಡಳು.

"ಅತ್ತೆ, ನಾಳೆ ನಾನೂರು ಜನಕ್ಕೆ ಇದು ಬೇಡ. ನಂಗೆ ಆಗಲ್ಲ. ನಿಜವಾಗ್ಲೂ ಆಗಲ್ಲ."

"ಹೂಂ."

"ಮಾವ ಬೀನ್ಸ್ ತರ್ಲಿ. ಹೋಳಿಗೆ ಮಾಡೋಣ."

"ಹೂಂ."

ಜಯಶೀಲಾ ಸದ್ದಾಗದಂತೆ ಹಾಗಲಕಾಯಿಯ ಚೀಲದ ಬಾಯಿ ಕಟ್ಟಲು ಹೋದರು. ತನ್ಮಯಿ ತಲೆಯಾಡಿಸಿದಳು.

"ಆಂಟಿ, ಇರ್ಲಿ." ಮತ್ತೆ ಅತ್ತೆಯ ಕಡೆ ನೋಡಿ, "ಇವತ್ತು ಮಾಡಿ ಅತ್ತೆ. ಈಗಲೇ. ಒಂದು ಎಲೆಗೆ."

"ಯಾರು ಉಣ್ತಾರೆ ಅದನ್ನ?"

"ಮಾಡಿ ಮೊದಲು."

ಚೂಡಾಮಣಿ ಸೆರಗು ಸಿಕ್ಕಿಸಿಕೊಂಡು ಎದ್ದರು. ನಲವತ್ತನಾಲ್ಕು ಕೆಜಿ ಅಕ್ಕಿಯ ಮೂಟೆಗಳ ಮುಂದೆ ಹೋಗಿ ಒಂದರ ಹೊಲಿಗೆ ಬಿಚ್ಚಿದರು. ಕೈ ಒಳಗೆ ಹಾಕಿದರು. ಹಾಕಿ, ಹಾಗೇ ನಿಂತರು.

"ಏನಾಯ್ತು ಅತ್ತೆ?"

"ಒಬ್ಬರಿಗೆ ಎಷ್ಟು ಹಾಕ್ಬೇಕೇ?"

ತನ್ಮಯಿ ಮಾವನ ಕಡೆ ನೋಡಿದಳು.

"ಒಬ್ಬರಿಗೆ ಅಂತ ನಾನು ಯಾವತ್ತೂ ಅಡುಗೆ ಮಾಡಿಲ್ಲ," ಅಂದರು. ತನ್ಮಯಿಗಲ್ಲ, ಗಂಡನಿಗಲ್ಲ, ಪುಟದ ಈ ಕಡೆಗೆ, ನನಗೆ. "ನೀನು ಲೆಕ್ಕ ಹಾಕ್ತಿದ್ಯಲ್ಲ. ಹೇಳು."

ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ನಲವತ್ತನಾಲ್ಕನ್ನು ನಾನೂರರಿಂದ ಭಾಗಿಸಿದೆ. ನೂರಹತ್ತು ಗ್ರಾಂ ಅಂತ ಬಂತು. ಹುಳಿಯ ಬೇಳೆ ನಲವತ್ತು ಗ್ರಾಂ. ಹೇಳಿದೆ.

"ಅದು ನಾನೂರರಲ್ಲಿ ಒಬ್ಬಂದು," ಅಂದರು ಅವರು. "ನಾನು ಕೇಳಿದ್ದು ಒಬ್ಬನೇ ಕೂತ್ರೆ."

ನನಗೆ ಗೊತ್ತಿಲ್ಲ. ಎಷ್ಟೊಂದು ಕಾದಂಬರಿ ಓದಿದ್ದೇನೆ, ಗೊತ್ತಿಲ್ಲ. ಆ ಎಲೆಯ ಮುಂದೆ ಕೂರುವವರು ಯಾರು ಅನ್ನುವುದೂ ನನಗೆ ಗೊತ್ತಿಲ್ಲ. ತನ್ಮಯಿ ಕೂರಬಹುದು, ಊಟಕ್ಕೆ ಬಾ ಅಂತ ಕರೆದರೆ ಏನೂ ತಿಳಿಯದ ಸೋಮನಾಥ್ ಬಂದು ಕೂರಬಹುದು, ಛತ್ರದ ಕಾಂಪೌಂಡಿನ ಕಾಗೆಗಳಿವೆ. ಇಂಥದ್ದನ್ನೆಲ್ಲ ತೀರ್ಮಾನ ಮಾಡಲಿ ಅಂತಲೇ ನೀವು ನನ್ನನ್ನು ಓದುತ್ತಿದ್ದೀರಿ ಅಂತ ಗೊತ್ತು. ಆದರೆ ನಾನು ಇನ್ನೊಂದು ವಾಕ್ಯ ಬರೆದರೆ ಅವರು ಮೂಟೆಯಿಂದ ಕೈ ತೆಗೆಯಬೇಕಾಗುತ್ತದೆ. ತೆಗೆದರೆ ಮುಷ್ಟಿಯಲ್ಲಿ ಇಷ್ಟು ಅಂತ ಅಕ್ಕಿ ಇರುತ್ತದೆ, ನಚಿಕೇತನ ಪಾಲು ಅಷ್ಟೇ ಅಂತ ಆಗಿಹೋಗುತ್ತದೆ.

ಕೈ ಮೂಟೆಯೊಳಗಿದೆ. ಮೊಣಕೈವರೆಗೂ. ತಿರುಮಲೇಶ ಬೀನ್ಸ್ ತರಲು ಖಾಲಿ ಚೀಲ ಹಿಡಿದು ಎದ್ದವರು, ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದಾರೆ.