ನಿಂಗಿಯ ಹೆಂಚಿನ ಮನೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಗಿರಿಜನರ ಹಾಡಿಯಲ್ಲಿ ಸರ್ಕಾರದ ನೆರವಿನಿಂದ ಎದ್ದದ್ದು ಹನ್ನೊಂದು ಹೆಂಚಿನ ಮನೆ. ಎಪ್ಪತ್ತನಾಲ್ಕರ ಬೇಸಿಗೆ ಬರುವಷ್ಟರಲ್ಲಿ ಅದರಲ್ಲಿ ಮೂರು ಖಾಲಿ. ಖಾಲಿಯಾಗದೆ ಇನ್ನೇನು? ಸಾವಾದ ಸೂರಿನಡಿ ಸತ್ತವರ ಜೀವ ಉಳಿದುಕೊಳ್ಳುತ್ತದೆ, ಅಲ್ಲಿ ಬದುಕಿರುವವರು ಇರಕೂಡದು ಎಂಬುದು ಅವರ ಹಿರೀಕರ ಕಟ್ಟಳೆ. ಹುಲ್ಲಿನ ಗುಡಿಸಲಾದರೆ ಬಿಟ್ಟು ಆಚೆ ಇನ್ನೊಂದು ಎಬ್ಬಿಸಿಕೊಂಡರಾಯಿತು, ಎರಡು ದಿನದ ಕೆಲಸ. ಹೆಂಚಿನ ಮನೆಯನ್ನು ಎಲ್ಲಿಗೆ ಹೊತ್ತುಕೊಂಡು ಹೋಗುವುದು? ಹಾಡಿಯ ಯಜಮಾನ ಬೆಳ್ಳನೇ ಹೆಂಡತಿ ಸತ್ತ ದಿನ ಕದ ಎಳೆದುಕೊಂಡು ಗುಡಿಸಲಿಗೆ ಹೋಗಿಬಿಟ್ಟ. ಗ್ರಾಮಸೇವಕ ನೀಲಕಂಠಸ್ವಾಮಿ ಬಂದು ಹಣೆ ಚಚ್ಚಿಕೊಂಡರು.

"ಬಿಟ್ಟೋದ ಮನೆ ಬೇರೆಯವರ ಪಾಲಾಗುತ್ತೆ ಕಣ್ರಯ್ಯ. ಆಮೇಲೆ ನನ್ನ ಕೇಳಬೇಡಿ" ಎಂದರು.

ಆ ಮಾತು ನಿಂಗಿಯ ಎದೆಗೆ ನಾಟಿತು. ಅವಳಿಗೆ ಮನೆ ಸುಮ್ಮನೆ ಸಿಕ್ಕಿದ್ದಲ್ಲ. ಗಂಡ ಕುಳ್ಳ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ, ಪುಣ್ಯಾತ್ಮ. ಗಂಡಸಿಲ್ಲದವಳಿಗೆ ಮನೆ ಯಾಕೆ ಎಂದು ಮೊದಲ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಪುಟ್ಟ ಮಗಳು ಚೆನ್ನಿಯನ್ನು ಕಂಕುಳಲ್ಲಿ ಎತ್ತಿಕೊಂಡು ಆರು ತಿಂಗಳು ಕಚೇರಿಗೆ ಅಲೆದ ಮೇಲೆ ಹೆಸರು ಸೇರಿತು. ಹೆಂಚು, ಮರ ಸರ್ಕಾರದ್ದು, ಗೋಡೆ ನೀವೇ ಏರಿಸಿಕೊಳ್ಳಿ ಎಂದರು. ಬೇರೆ ಮನೆಗಳಿಗೆ ಗಂಡಸರ ರಟ್ಟೆಯಿತ್ತು. ಇಲ್ಲಿ ನಿಂಗಿ ಮಣ್ಣು ತುಳಿದಳು, ಅವಳ ಅವ್ವ ಸಣ್ಣಿ ಮುದುಕಿ ಹಳ್ಳದಿಂದ ನೀರು ಹೊತ್ತಳು. ಒಂದು ಗೋಡೆ ಸೊಟ್ಟಗಾಯಿತು. ಆಗಲಿ, ನಿಂತಿದೆಯಲ್ಲ.

ಸಣ್ಣಿಗೆ ಕೆಮ್ಮು ಹತ್ತಿ ಮೂರು ತಿಂಗಳಾಗಿತ್ತು. ಕೋಟೆಯ ತಾಲ್ಲೂಕು ಆಸ್ಪತ್ರೆಯ ಮಾತ್ರೆಗೂ ಬಗ್ಗಲಿಲ್ಲ, ಕಾಡಿನ ಬೇರಿಗೂ ಬಗ್ಗಲಿಲ್ಲ. ಹಾಡಿಯವರು ಬಂದರೆ ಮೊದಲು ಮುದುಕಿಯ ಮುಖ ನೋಡುತ್ತಿದ್ದರು, ಆಮೇಲೆ ತಲೆಯೆತ್ತಿ ಹೆಂಚು ನೋಡುತ್ತಿದ್ದರು. ನಿಂಗಿಗೆ ಅದು ಗೊತ್ತಾಗುತ್ತಿರಲಿಲ್ಲವೇ? ಅವ್ವ ಇಲ್ಲೇ ಕಣ್ಣು ಮುಚ್ಚಿದರೂ ಈ ಮನೆ ಬಿಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಉಸಿರಾಡುತ್ತಿರುವ ಅವ್ವನ ಮುಂದೆ ಆ ಮಾತು ಆಡುವುದು ಹೇಗೆ? ಬಾಯಿಗೆ ಬಂದದ್ದನ್ನು ದಿನಾ ನುಂಗಿಕೊಂಡಳು. ಅವಳು ತಪ್ಪಿದ್ದು ಅಲ್ಲೇ.

ಹಕ್ಕುಪತ್ರ ಕೊಡುತ್ತಾರೆಂದು ಹೇಳಿಕಳಿಸಿದ ದಿನ ಅವಳು ಬೆಳಗ್ಗೆಯೇ ಕೋಟೆಗೆ ಹೊರಟಳು.

"ಗಂಜಿ ಐತೆ, ಕುಡಿ ಅವ್ವ. ಬೈಗಾಗೋ ವೊತ್ಗೆ ಬತ್ತೀನಿ."

"ವೋಗ್ಬಾ ಮಗ. ಎಬ್ಬೆಟ್ಟು ಸರ್ಯಾಗಿ ಒತ್ತು" ಎಂದಳು ಸಣ್ಣಿ.

ಹೆಬ್ಬೆಟ್ಟಿನ ಮಸಿ ಆರುವ ಮೊದಲೇ ಪತ್ರವನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಇಳಿದ ಮೇಲೆ ಎರಡು ಮೈಲಿ ದಾರಿ. ಹಾಡಿ ಮುಟ್ಟಿದಾಗ ಮನೆಯ ಕದ ಮುಚ್ಚಿತ್ತು. ಇಪ್ಪತ್ತು ಹೆಜ್ಜೆ ಆಚೆ ಹೊನ್ನೆ ಮರದ ಬುಡದಲ್ಲಿ, ಬರಿ ನೆಲದ ಮೇಲೆ ಸಣ್ಣಿ ಮಲಗಿದ್ದಳು. ಪಕ್ಕದಲ್ಲಿ ಚೆನ್ನಿ ನೀರಿನ ಚೆಂಬು ಹಿಡಿದು ಕೂತಿತ್ತು. ನಡೆಯಲಾಗದ ಮುದುಕಿ ತೆವಳಿಕೊಂಡೇ ಬಂದಿದ್ದಳು. ಮೊಣಕಾಲೆರಡೂ ತರಚಿ ರಕ್ತ ಹೆಪ್ಪುಗಟ್ಟಿತ್ತು.

"ಯಾಕವ್ವ? ಯಾಕೆ ಈಚೆಗೆ ಬಂದೆ?"

"ಒಳ್ಗೇ ಪ್ರಾಣ ವೋದ್ರೆ ನೀನು ಮನೆ ಬುಟ್ಬುಡ್ತೀಯ. ಮಗೀಗೆ ಸೂರು ಬ್ಯಾಡ್ವಾ? ನಾನು ಇಲ್ಲೇ ಇರ್ತೀನಿ ಬುಡು."

ನಿಂಗಿ ಅವ್ವನ ಪಕ್ಕ ಕೂತಳು. "ನಾನು ಬುಡಾಕಿಲ್ಲ ಅಂತ ಯಾವತ್ತೋ ಅಂದ್ಕಂಡಿದ್ದೆ ಕಣವ್ವ. ನಿಂಗೆ ಯೋಳಕ್ಕೆ ಬಾಯಿ ಬರ್ನಿಲ್ಲ."

ಮುದುಕಿ ತನ್ನ ಮೊಣಕಾಲು ಸವರಿಕೊಂಡಳು. "ಮೊದ್ಲೇ ಯೋಳಿದ್ರೆ ಮೊಣಕಾಲಾದ್ರೂ ಉಳೀತಿತ್ತಲ್ಲೇ" ಎಂದಳು.

ನಿಂಗಿ ಅಳುತ್ತಲೇ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವ್ವ ಚೆನ್ನಿಗಿಂತ ಹಗುರವಾಗಿದ್ದಳು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಬೆಳ್ಳ ಅಡ್ಡ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಬ್ಯಾಡ ನಿಂಗಿ. ಒಳ್ಗೆ ಜೀವ ವೋದ್ರೆ ಅಲ್ಲೇ ಉಳ್ಕತದೆ. ಯಾವತ್ತಿಗೂ ವೋಗಾಕಿಲ್ಲ."

"ಉಳ್ಕಳ್ಳಿ ಬುಡಜ್ಜ. ನಮ್ಮವ್ವ ತಾನೆ. ನಂಗ್ಯಾಕೆ ಭಯ?"

ಬೆಳ್ಳ ಪಕ್ಕಕ್ಕೆ ಸರಿದ.

ಮೂರನೇ ದಿನ ಬೆಳಗ್ಗೆ ಸಣ್ಣಿ ಒಳಗೇ, ಮಗಳ ತೊಡೆಯ ಮೇಲೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಹಾಡಿಯವರು ಮನೆಯ ಮುಂದೆ ನಿಂತರು. ನಿಂಗಿ ಮಡಕೆ ಕುಡಿಕೆ ಹೊರಗೆ ತಂದಾಳು ಎಂದು ಕಾದರು. ಅವಳು ಯಾರ ಮುಖವನ್ನೂ ನೋಡದೆ ಮಗಳ ಕೈ ಹಿಡಿದುಕೊಂಡು ಹೊಸಿಲು ದಾಟಿದಳು.

"ಅವ್ವ, ಬಂದೊ ಕಣವ್ವ" ಎಂದಳು.