ಅಡವ್ಯಾಂವನ ಹೆಸರು

ಬೆಳಗಾವಿಯ ಕಾಲೇಜಿನಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಜಾಣತನದಿಂದಲ್ಲ, ಸಂಸ್ಕೃತದ ಹೆದರಿಕೆಯಿಂದ. ೧೯೫೮ರ ಮಾತು. ಬಾಯಿಪರೀಕ್ಷೆಯಲ್ಲಿ ಕಾಡುಪ್ರಾಣಿಗಳ ಆರು ಚಿತ್ರ ತೋರಿಸುತ್ತಾರೆ. ನಾಲ್ಕಕ್ಕಾದರೂ ಫ್ರೆಂಚ್ ಹೆಸರು ಹೇಳಬೇಕು. ನಪಾಸಾದರೆ ವಿದ್ಯಾರ್ಥಿವೇತನ ಬಂದ್, ನಮ್ಮೂರು ಘೋಡಗೇರಿಗೆ ವಾಪಸು, ಕೈಯಲ್ಲಿ ಮತ್ತೆ ಕುರಿ ಕಾಯುವ ಕೋಲು.

ರಜೆಯಲ್ಲಿ ಗೋಕಾಕದಿಂದ ಬಣ್ಣದ ಕಟ್ಟಿಗೆಯ ಗೊಂಬೆಗಳನ್ನು ತಂದು, ಕಂಬಳಿಯ ಮೇಲೆ ಸಾಲಾಗಿ ಇಟ್ಟುಕೊಂಡು ಕಲಿತೆ. ಹುಲಿಗೆ ತೀಗ್ರ್, ಸಿಂಹಕ್ಕೆ ಲಿಯೋಂ, ಕರಡಿಗೆ ಊರ್ಸ್. ಅಜ್ಜಿ ಕಾಡವ್ವ ಉಣ್ಣೆ ನೂಲುತ್ತ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು. ಅಕ್ಷರ ಬಾರದಿದ್ದರೂ ನಮ್ಮ ಮಾಸ್ತರರಿಗಿಂತ ಜೋರು. ಆದರೆ ತೋಳದ ಗೊಂಬೆ ಕಂಡದ್ದೇ ತಡ, ಸೆರಗಿನಲ್ಲಿ ಮುಚ್ಚಿದಳು.

"ಇದರ ಹೆಸರ ಬ್ಯಾಡ. ಹಟ್ಟ್ಯಾಗ ಇಪ್ಪತ್ತೊಂದ ಎಳಿಮರಿ ಅದಾವು. ಕರದರ ಬರ್ತೈತಿ."

ನಮ್ಮ ಕುರಿಗಾರರ ಮನೆಗಳಲ್ಲಿ ತೋಳವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಡವ್ಯಾಂವ ಎನ್ನುತ್ತೇವೆ. ಅಜ್ಜಿಯ ಮೊದಲ ಹಿಂಡಿನ ಹದಿನಾಲ್ಕು ಮರಿಗಳನ್ನು ಅವನೇ ಮುಗಿಸಿದ್ದ.

"ಫ್ರೆಂಚಿನ್ಯಾಗ ಅಂದ್ರ ಏನಾಕೈತಿ, ಆಯಿ?"

"ಯಾವ ಭಾಷಾದಾಗಾದ್ರೂ ಹೆಸರ ಹೆಸರ. ಆಣಿ ಮಾಡ."

ಆಣೆ ಮಾಡಿದೆ.

ಪರೀಕ್ಷೆಯಲ್ಲಿ ಮೊದಲ ಮೂರು ಸರಿಯಾದವು. ನಾಲ್ಕನೆಯದು ಮುಳ್ಳುಹಂದಿ, ಐದನೆಯದು ನೀರುನಾಯಿ. ಅವುಗಳ ಗೊಂಬೆ ನನಗೆ ಪೇಟೆಯಲ್ಲಿ ಸಿಕ್ಕಿರಲಿಲ್ಲ, ಹೆಸರೂ ಬರಲಿಲ್ಲ. ಆರನೆಯ ಚಿತ್ರ ತೋಳ.

ಹೆಸರು ಗೊತ್ತಿತ್ತು. ಬಾಯಿ ತೆರೆಯಲೊಲ್ಲದು. ಕಣ್ಣ ಮುಂದೆ ಹಟ್ಟಿಯ ಮರಿಗಳು.

"ಗೊತ್ತಿಲ್ಲೇನವಾ?" ಎಂದು ಪರೀಕ್ಷಕರು ಪೆನ್ನು ಎತ್ತಿದರು.

ಕಣ್ಣು ಮುಚ್ಚಿ "ಲೂ" ಅಂದುಬಿಟ್ಟೆ.

ಪಾಸಾದೆ, ಆದರೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಹುಕ್ಕೇರಿಯವರೆಗೆ ಬಸ್ಸು, ಮುಂದೆ ಯಾರದೋ ಚಕ್ಕಡಿ. ದಾರಿಯುದ್ದಕ್ಕೂ ನನ್ನನ್ನೇ ಶಪಿಸಿಕೊಂಡೆ. ಹಟ್ಟಿಗೆ ಓಡಿ ಮರಿಗಳನ್ನು ಎಣಿಸಿದೆ. ಇಪ್ಪತ್ತೊಂದು. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೊಂದೇ! ಜೀವ ಬಂದಂತಾಗಿ, ಅಲ್ಲೇ ಹಿಕ್ಕೆಯ ಮೇಲೆ ಕುಳಿತು ಅತ್ತುಬಿಟ್ಟೆ.

ಅಜ್ಜಿ ಬಂದಳು. ಎಲ್ಲ ಹೇಳಿದೆ. ಬೈಗುಳಕ್ಕೆ ಕಾದರೆ, ಆಕೆ ವಕೀಲರಂತೆ ಕೇಳಿದಳು:

"ಎಂದ ಅಂದಿ?"

"ನಿನ್ನಿ."

"ನಿನ್ನಿ ರಾತ್ರಿ ನಾಯಿ ಸೈತ ಬೊಗಳಿಲ್ಲ." ಮರಿಗಳತ್ತ ಕಣ್ಣು ಹಾಯಿಸಿದಳು. "ಅಂದ್ರ ಅಂವಗ ಆ ಭಾಷಾ ತಿಳಿಯಾಂಗಿಲ್ಲ. ಇನ್ನೊಮ್ಮಿ ಹೇಳ."

ಹೇಳಿದೆ. ಬಾಯೊಳಗೇ ಎರಡು ಸಲ ಅಂದು ನೋಡಿದಳು. ಆಮೇಲೆ ಗುಡ್ಡದ ಕಡೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏ ಲೂ! ನಿನ್ನ ಹೆಣಾ ಎತ್ತಲಿ! ನನ್ನ ಹದಿನಾಕ ಮರಿ ತಿಂದ್ಯಲ್ಲೋ, ನಿನ್ನ ಬಾಯಾಗ ಮಣ್ಣ ಬೀಳಲಿ!"

ನಲವತ್ತು ವರ್ಷ ಕೂಡಿಟ್ಟ ಬೈಗುಳ. ಮುಗಿಯಲು ಹೊತ್ತು ಹಿಡಿಯಿತು. ಕೊನೆಗೆ ನನ್ನ ಪಕ್ಕ ಬಂದು ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆಸರ ಹಿಡದ ಬೈದ ಮ್ಯಾಲ ಎದಿ ಹಗುರಾತ ನೋಡ, ಲಕ್ಕವ್ವಾ," ಎಂದಳು. "ಚೊಲೋ ಸಾಲಿ ಕಲತಿ."