ವಾಪಸ್ ಬರೋ ಸೀಟು

ನಮ್ಮನೆ ಫ್ರಿಜ್ಜಲ್ಲಿದ್ದ ಹಾಲಿನ ಬಾಟ್ಲಿ ಮೇಲೆ ನಾನು ನನ್ನ ಹೆಸರು ಬರೆದಿಟ್ಟಿದ್ದೆ. ಕಪ್ಪು ಮಾರ್ಕರಲ್ಲಿ, ದಪ್ಪ ಅಕ್ಷರದಲ್ಲಿ, ಕೆಳಗೊಂದು ಗೆರೆ ಬೇರೆ ಎಳೆದು. ನಂದೇ ಮನೆ, ನಂದೇ ಫ್ರಿಜ್ಜು, ಹಾಲಿಗೆ ಪಾಲುದಾರಳು ಅಂದ್ರೆ ಇರೋ ಒಬ್ಬಳೇ ಹೆಂಡತಿ.

ತಪ್ಪು ನಂದಲ್ಲ, ಕೆಲಸದ್ದು. ನಾನು ಕೋ-ಪೈಲಟ್ಟು. ವಿಮಾನ ಓಡಿಸೋಕೆ ಇನ್ನೊಂದು ವಿಮಾನ ಹತ್ತಿ ಹೋಗೋ ಜಾತಿ. ಮನೆ ಇರೋದು ಒಂದೂರು, ಡ್ಯೂಟಿ ಶುರುವಾಗೋದು ದೂರದ ಇನ್ನೊಂದೂರು. ಆ ಊರಲ್ಲಿ ನನ್ನಂಥವರೇ ಒಂದಷ್ಟು ಜನ ಸೇರಿ ಒಂದು ಫ್ಲಾಟ್ ಬಾಡಿಗೆಗೆ ಹಿಡಿದಿದ್ವಿ. ರೈಲಿನ ಥರ ಮೇಲೊಂದು ಕೆಳಗೊಂದು ಮಂಚ, ಹಗಲಲ್ಲೂ ಎಳೆದಿರೋ ಪರದೆ, ಯಾವಾಗ ನೋಡಿದ್ರೂ ಯಾರೋ ಒಬ್ಬ ಮಲಗಿರ್ತಾನೆ. ಅಲ್ಲಿ ಹಾಲಿನ ಮೇಲೆ ಹೆಸರಿಲ್ಲ ಅಂದ್ರೆ ಅದು ಸಾರ್ವಜನಿಕ ಆಸ್ತಿ. ಆ ಅಭ್ಯಾಸ ನನ್ನ ಬೆನ್ನು ಬಿಡದೆ ಮನೆವರೆಗೂ ಬಂದ್ಬಿಟ್ಟಿತ್ತು.

ಹೆಂಡತಿ ಬಾಟ್ಲಿ ನೋಡಿ ಮೊದ್ಲು ಹೊಟ್ಟೆ ಹಿಡ್ಕೊಂಡು ನಕ್ಕಳು. ಮೊಸರು ಯಾರದ್ದು, ಉಪ್ಪಿನ ಡಬ್ಬಿ ಮುಟ್ಟೋಕೆ ಯಾರ ಪರ್ಮಿಷನ್ ತಗೋಬೇಕು ಅಂತೆಲ್ಲ ಕೇಳಿ ಕಾಡಿಸಿದ್ಲು. ಆಮೇಲೆ ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯೋಕೆ ನಿಂತ್ಲು. ಬೆನ್ನು ನನ್ನ ಕಡೆ.

"ನೀನು ಇಲ್ಲಿಗೆ ಬರ್ತೀಯೋ, ಇಲ್ಲಿಂದ ಹೋಗ್ತಾ ಇರ್ತೀಯೋ, ನಂಗೊಂದೂ ಗೊತ್ತಾಗ್ತಿಲ್ಲ ಕಣೋ," ಅಂದ್ಲು.

ನನ್ನ ಹತ್ರ ಎಲ್ಲ ಸೀನಿಗೂ ಒಂದೊಂದು ಡೈಲಾಗ್ ರೆಡಿ ಇರುತ್ತೆ. ವಿಲನ್ ಬಂದ್ರೆ ಒಂದು, ಅತ್ತೆ ಬಂದ್ರೆ ಒಂದು. ಅವತ್ತು ಮಾತ್ರ ಬಾಟ್ಲಿ ತಗೊಂಡು ನನ್ನ ಹೆಸರು ಉಜ್ಜೋಕೆ ಕೂತೆ.

ಅವಳು ಹಲ್ಲಿನ ಡಾಕ್ಟ್ರು. ನಮ್ಮೂರಿನ ಬಾಯಿಗಳೆಲ್ಲ ಅವಳ ಕೈಲೇ ಇರೋದು. ಕ್ಲಿನಿಕ್ ಹೊತ್ಕೊಂಡು ನನ್ನ ಹಿಂದೆ ಊರೂರು ಅಲೆಯೋಕಾಗುತ್ತಾ? ನಾನೂ ಕೇಳಿಲ್ಲ. ಹಾಗಾಗಿ ಓಡಾಡೋ ಪಾತ್ರ ನಂದು.

ಈಗ ನಮ್ಮ ಕಂಪನಿ ಅಂಗಡಿ ಮುಚ್ಚೋಕೆ ಹೊರಟಿತ್ತು. ಬೇರೆ ಕಡೆ ಎರಡು ಕರೆ ಬಂದಿದ್ವು. ಒಂದು ಕಂಪನಿಗೆ ನಾನಿಟ್ಟ ಹೆಸರು ಮಿಂಚು. ಹೊಸ ಜೆಟ್ಟುಗಳು, ಇಸ್ತ್ರಿ ಮುರಿಯದ ಯೂನಿಫಾರ್ಮು, ಬೇಗ ಕ್ಯಾಪ್ಟನ್ ಮಾಡ್ತೀವಿ ಅನ್ನೋ ಮಾತು. ಆದ್ರೆ ಡ್ಯೂಟಿ ಶುರುವಾಗೋ ಊರು ಎರಡು ವಿಮಾನ ಹತ್ತಿ ಹೋಗೋ ಅಷ್ಟು ದೂರ. ಇನ್ನೊಂದಕ್ಕೆ ಗುಬ್ಬಚ್ಚಿ ಅಂತ ಹೆಸರಿಟ್ಟಿದ್ದೆ. ಮೂಗಿಗೊಂದು ರೆಕ್ಕೆಗೊಂದು ತೇಪೆ ಹಾಕಿದಂತಿರೋ, ಫ್ಯಾನು ತಿರುಗೋ ಪುಟಾಣಿ ವಿಮಾನಗಳು. ಅದರಲ್ಲೊಂದು ದಿನಾ ಸಂಜೆ ನಮ್ಮೂರಿಗೇ ಬಂದಿಳಿದು, ಇಲ್ಲೇ ಮಲಗಿ, ಬೆಳಿಗ್ಗೆ ಎದ್ದು ಹೋಗುತ್ತೆ. ಆ ಪಾಳಿ ಕೇಳಿ ತಗೋಬಹುದು. ಆದ್ರೆ ಅಲ್ಲಿ ಕ್ಯಾಪ್ಟನ್ ಆಗೋದು ಅಂದ್ರೆ ತಲೆ ಬೆಳ್ಳಗಾದ್ಮೇಲೆನೇ.

ಕಾಕ್‌ಪಿಟ್ಟಲ್ಲಿ ಎಡಗಡೆ ಕುರ್ಚಿ ಕ್ಯಾಪ್ಟನ್ನಿಂದು. ಬಲಗಡೆ ಕೂತು ಅದನ್ನೇ ನೋಡಿ ನೋಡಿ ನನ್ನ ಕತ್ತು ಆ ಕಡೆಗೇ ವಾಲ್ಕೊಂಡಿದೆ. ಮಿಂಚಿಗೆ ಹೂಂ ಅಂದ್ರೆ ಕುರ್ಚಿ ಸಿಗುತ್ತೆ. ಮನೆ ಉಳಿಯುತ್ತಾ ಅನ್ನೋದೊಂದೇ ಪ್ರಶ್ನೆ.

ನೀನೇ ಹೇಳು ಅಂದ್ರೆ ಹೆಂಡತಿ ಸುತಾರಾಂ ಒಪ್ಪಲಿಲ್ಲ. ನಾಳೆ ನಿನ್ನ ಕನಸಿಗೆ ಅಡ್ಡ ಬಂದ ಖಳನಾಯಕಿ ಅಂತ ನನ್ನ ಕಟೌಟ್ ನಿಲ್ಲಿಸ್ತೀಯ, ನಂಗೆ ಆ ರೋಲ್ ಬೇಡಪ್ಪ ಅಂದುಬಿಟ್ಲು.

ನಮ್ಮ ಓಡಾಡೋ ಪೈಲಟ್‌ಗಳಲ್ಲಿ ಒಂದು ಪದ್ಧತಿ ಇದೆ. ಹೊಸ ಕಂಪನಿಗೆ ಒಪ್ಪೋ ಮುಂಚೆ ರಜೆ ದಿನ ನೋಡ್ಕೊಂಡು ಸುಳ್ಳು ಡ್ಯೂಟಿಗೆ ಹೋಗೋದು. ಯೂನಿಫಾರ್ಮ್ ಹಾಕಿ, ಪೆಟ್ಟಿಗೆ ಎಳ್ಕೊಂಡು, ನಿಜವಾಗ್ಲೂ ಕೆಲಸಕ್ಕೆ ಹೊರಟ ಹಾಗೆ. ನಮಗೆ ಟಿಕೆಟ್ಟಿರಲ್ಲ. ಜನ ಎಲ್ಲ ಹತ್ತಿದ ಮೇಲೆ ಖಾಲಿ ಉಳಿದ ಸೀಟು ನಮ್ಮದು. ಅದೂ ಇಲ್ಲ ಅಂದ್ರೆ ಕಾಕ್‌ಪಿಟ್ಟಲ್ಲಿ ಪೈಲಟ್‌ಗಳ ಬೆನ್ನ ಹಿಂದಿರೋ ಮಡಚೋ ಕುರ್ಚಿ. ಟೈಮಿಗೆ ಸರಿಯಾಗಿ ಮುಟ್ಟಿದ್ರೆ ಪಾಸು, ಇಲ್ಲಾಂದ್ರೆ ಆ ಕಂಪನಿ ಸಹವಾಸ ಬೇಡ. ಮಿಂಚಿಗೆ ಶನಿವಾರ ಬೆಳಿಗ್ಗೆ ಉತ್ತರ ಕೊಡಬೇಕಿತ್ತು. ನಾನು ಶುಕ್ರವಾರ ಹೊರಟೆ.

ಹೋಗಿದ್ದು ಕನಸಲ್ಲಿ ನಡ್ಕೊಂಡು ಹೋದ ಹಾಗಿತ್ತು. ಬೆಳಗಿನ ವಿಮಾನ ಅರ್ಧಕ್ಕರ್ಧ ಖಾಲಿ. ಕಿಟಕಿ ಪಕ್ಕ ಕೂತೆ. ಮೋಡಗಳು ತೊಳೆದು ಹರಡಿದ ಹತ್ತಿ ಥರ, ಅದರ ಮೇಲೆ ನಮ್ಮ ವಿಮಾನದ ನೆರಳು ಮರಿ ಮೀನಿನ ಹಾಗೆ ಈಜ್ತಾ ಇತ್ತು. ಕಣ್ಣು ಮುಚ್ಚಿದಾಗ ಆಕಾಶದಲ್ಲಿದ್ದೆ, ತೆಗೆದಾಗ ನೆಲದ ಮೇಲೆ. ವಿಮಾನ ಬದಲಿಸಿದ್ದು ನೆನಪಿದೆ, ನಡೆದದ್ದು ನೆನಪಿಲ್ಲ. ನನ್ನ ಪೆಟ್ಟಿಗೆಗೇ ದಾರಿ ಗೊತ್ತಿದ್ದ ಹಾಗೆ ಅದು ಮುಂದೆ, ನಾನು ಹಿಂದೆ. ಹಿನ್ನೆಲೆ ಸಂಗೀತ ಒಂದಿರಲಿಲ್ಲ, ಅಷ್ಟೇ.

ಮಿಂಚಿನ ಕಚೇರಿಗೆ ಟೈಮಿಗಿಂತ ಮುಂಚೇನೇ ಮುಟ್ಟಿದೆ. ಕೆಲಸಕ್ಕೆ ಸೇರಿಸ್ಕೊಳ್ಳೋ ಮೇಡಂ ಒಬ್ಬರು ವಿಮಾನ ನಿಲ್ಲಿಸೋ ಹ್ಯಾಂಗರಿಗೆ ಕರ್ಕೊಂಡು ಹೋಗಿ, ನಿಂತಿದ್ದ ಜೆಟ್ಟಿಗೆ ಹತ್ತಿಸಿ, ಎಡಗಡೆ ಕೂತ್ಕೊಳಿ ಪರವಾಗಿಲ್ಲ ಅಂದ್ರು. ಕೂತೆ. ಕುರ್ಚಿಗಿನ್ನೂ ಹೊಸ ಚರ್ಮದ ವಾಸನೆ. ಗಾಜಿನಾಚೆ ಹ್ಯಾಂಗರಿನ ಬಾಗಿಲು, ಅದರಾಚೆ ಬಿಸಿಲು, ಬಿಸಿಲಲ್ಲಿ ರನ್‌ವೇ ನೀರಿನ ಹಾಗೆ ಅಲ್ಲಾಡ್ತಾ ಇತ್ತು. ಇಂಜಿನ್ ಸದ್ದಿಲ್ಲ, ಏನಿಲ್ಲ, ಆದ್ರೂ ನಾನು ಮೇಲಕ್ಕೆ ಹೋಗ್ತಾ ಇದ್ದೆ. ಮೇಡಂ ಕೆಮ್ಮಿದ ಮೇಲೆ ಕೆಳಗಿಳಿದೆ.

ಫೋನಲ್ಲಿ ಒಪ್ಪಿಗೆ ಟೈಪ್ ಮಾಡಿ ಇಟ್ಕೊಂಡೆ. ಹೆಂಡತಿಗೆ ಎದುರಿಗೇ ಹೇಳಿ ಆಮೇಲೆ ಕಳಿಸೋಣ ಅಂತ. ಪರೀಕ್ಷೆ ಪಾಸಾಗಿದೆಯಲ್ಲ, ಇನ್ನೇನು.

ಸಂಜೆ ವಾಪಸ್ ಹೊರಡೋ ಗೇಟಿಗೆ ಬಂದೆ. ಶುಕ್ರವಾರ. ಲೋಕದಲ್ಲಿರೋರೆಲ್ಲ ಮನೆಗೆ ಹೊರಟಿದ್ರು. ಮಕ್ಕಳು, ಗೊಂಬೆಗಳು, ಕೇಕಿನ ಡಬ್ಬಿ, ಒಬ್ಬರ ಕಂಕುಳಲ್ಲಿ ಗಿಟಾರು. ಮೂಲೆಯ ಬೆಂಚಿನ ಮೇಲೆ ಮಾತ್ರ ಯೂನಿಫಾರ್ಮ್ ಹಾಕ್ಕೊಂಡ ಸಾಲೊಂದು, ಹಾಸ್ಟೆಲ್ ಹುಡುಗರು ಊಟದ ಗಂಟೆಗೆ ಕಾದ ಹಾಗೆ. ನಾನೂ ಹೋಗಿ ಕೊನೇಲಿ ಕೂತೆ.

ಮೊದಲ ವಿಮಾನ ತುಂಬಿ ಹೋಯ್ತು. ಎರಡನೇದೇ ಅವತ್ತಿನ ಕೊನೇದು, ಅದೂ ತುಂಬ್ತು, ಮಡಚೋ ಕುರ್ಚಿ ಒಂದೇ ಉಳಿದಿದೆ ಅಂತ ಗೇಟಿನ ಹುಡುಗಿ ಹೇಳಿದ್ಲು. ಅದು ಯಾರಿಗೆ ಅಂತ ಜಗಳ ಇಲ್ಲ. ಕಂಪನಿಗೆ ಯಾರು ಮೊದಲು ಸೇರಿದ್ರೋ ಅವರಿಗೆ. ನಾನಿನ್ನೂ ಸೇರೇ ಇಲ್ಲ, ಅಂದ್ರೆ ಆ ಸಾಲಲ್ಲಿ ನಾನು ಬಾಲದ ತುದಿಯ ಕೂದಲು.

ನನ್ನ ಪಕ್ಕ ಕೂತಿದ್ದವರು ಬಿಳಿಮೀಸೆ ಕ್ಯಾಪ್ಟನ್. ಮಿಂಚಿನವರೇ. ಹೆಗಲ ಮೇಲೆ ನಾಲ್ಕು ಪಟ್ಟಿ, ನಾನು ಯಾವ ಪಟ್ಟಿಗಾಗಿ ಸಾಯ್ತಿದ್ದೀನೋ ಅದೇ. ಎಷ್ಟು ವರ್ಷದಿಂದ ಹೀಗೆ ಓಡಾಡ್ತಿದ್ದೀರಿ ಸರ್ ಅಂದೆ. ಮಗಳು ಹುಟ್ಟಿದಾಗಿಂದ ಅಂದ್ರು, ಈಗವಳು ಕಾಲೇಜು. ಮನೇಲಿ ಹೇಗೆ ಅಂತ ಕೇಳಿದೆ. ಕೇಳಬಾರದಿತ್ತೇನೋ. ಅವರು ತುಂಬ ಖುಷಿಯಾಗೇ ಹೇಳಿದ್ರು.

"ರಾಜನ ಥರ ನೋಡ್ಕೊಳ್ತಾರೆ ಮರಿ. ಹೋದ ತಕ್ಷಣ ಮಗಳು ಕಾಫಿ ಕುಡೀತೀರಾ ಅಪ್ಪ ಅಂತ ಕೇಳ್ತಾಳೆ. ಹೊಸ ಟವೆಲ್ ತಂದು ಮಂಚದ ಮೇಲಿಡ್ತಾಳೆ. ನಾನಿರೋ ಅಷ್ಟು ದಿನ ಮನೇಲಿ ಯಾರೂ ಯಾರಿಗೂ ಬಯ್ಯಲ್ಲ."

ಅಷ್ಟರಲ್ಲಿ ಗೇಟಿನ ಹುಡುಗಿ ಅವರನ್ನ ಕರೆದ್ಲು. ಸಿನಿಮಾ ಆಗಿದ್ರೆ ಅವರು ನನ್ನ ಹೆಗಲು ತಟ್ಟಿ, ಹೋಗು ಮರಿ, ನಿನ್ನವಳು ಕಾಯ್ತಿರ್ತಾಳೆ ಅಂತ ಸೀಟು ಬಿಟ್ಕೊಡ್ತಿದ್ರು. ಅವರು ಪೆಟ್ಟಿಗೆ ಎತ್ಕೊಂಡು, ಹಿಂದೆ ಕೂಡ ನೋಡದೆ, ಹೆಚ್ಚುಕಮ್ಮಿ ಓಡೇ ಹೋದ್ರು.

ಗಾಜಿನ ಹತ್ರ ಹೋಗಿ ನಿಂತೆ. ಆಕಾಶ ಕಿತ್ತಳೆ ಸಿಪ್ಪೆ ಬಣ್ಣಕ್ಕೆ ತಿರುಗಿತ್ತು. ವಿಮಾನ ಹಿಂದಕ್ಕೆ ಸರೀತು, ತಿರುಗ್ತು, ದೀಪ ಮಿಣುಕಿಸ್ತಾ ಹೋಯ್ತು. ಗಾಜಲ್ಲಿ ನನ್ನ ಮುಖ, ಮುಖದೊಳಗೆ ರನ್‌ವೇ ದೀಪಗಳು. ಒಂದು ಕ್ಷಣ ಅಲ್ಲಿ ನಿಂತಿರೋನಿಗೆ ಬಿಳಿ ಮೀಸೆ ಬಂದಂಗಾಯ್ತು. ಅವನು ಮಂಚದ ತುದೀಲಿ ನೆಂಟನ ಹಾಗೆ ಕೂತು ಹೊಸ ಟವೆಲ್ ಸವರ್ತಾ ಇದ್ದ. ಅಡುಗೆಮನೇಲಿ ಯಾರೋ ಪಿಸುಮಾತಲ್ಲಿ ಮಾತಾಡ್ತಿದ್ರು, ಅವನಿಗೆ ಕೇಳಿಸಬಾರದು ಅಂತ.

ಆಗ ಹೊಳೀತು, ನಮ್ಮ ಪದ್ಧತಿ ಎಂಥಾ ಪೆದ್ದು ಪದ್ಧತಿ ಅಂತ. ಹೋಗೋದನ್ನ ಪರೀಕ್ಷೆ ಮಾಡ್ತೀವಿ. ಟೈಮಿಗೆ ಮುಟ್ಟಿದ್ವಾ, ಪಾಸು. ಬರೋದನ್ನ ಯಾವನೂ ಪರೀಕ್ಷೆ ಮಾಡಲ್ಲ. ನಾವು ಡ್ಯೂಟಿಗೆ ಲೇಟಾದ್ರೆ ಕಂಪನಿ ಕೇಳುತ್ತೆ. ಮನೆಗೆ ಲೇಟಾದ್ರೆ ಕೇಳೋರೂ ನಿಧಾನಕ್ಕೆ ಕೇಳೋದು ಬಿಟ್ಬಿಡ್ತಾರೆ.

ಹೆಂಡತಿಗೆ ಫೋನ್ ಮಾಡಿ ಸೀಟು ಸಿಗಲಿಲ್ಲ ಅಂದೆ. ಸಿಟ್ಟು ಮಾಡ್ತಾಳೆ ಅಂದ್ಕೊಂಡಿದ್ದೆ, ಮಾಡಲಿ ಅಂತಾನೂ ಅಂದ್ಕೊಂಡಿದ್ದೆ. ಅವಳು ಸರಿ, ಊಟ ಮಾಡಿ ಮಲಗು ಅಂದು ಇಟ್ಟುಬಿಟ್ಲು. ಟೈಪ್ ಮಾಡಿಟ್ಟಿದ್ದ ಒಪ್ಪಿಗೆ ಅಲ್ಲೇ ಅಳಿಸಿದೆ. ಮೇಡಂಗೆ ಥ್ಯಾಂಕ್ಸ್ ಹೇಳಿ, ಬರೋಕಾಗಲ್ಲ ಅಂತ ಬರೆದು ಕಳಿಸಿದೆ. ಆ ಕುರ್ಚಿ ಬಿಡೋಕೆ ನಂಗೇನು ಇಷ್ಟ ಇರಲಿಲ್ಲ.

ಬೆಂಚಿನ ಮೇಲೇ ನಿದ್ದೆ. ಬೆಳಿಗ್ಗೆ ಮೊದಲ ವಿಮಾನದಲ್ಲಿ ಅರ್ಧ ದಾರಿ ಬಂದೆ. ಅಲ್ಲಿಂದ ನಮ್ಮೂರಿಗೆ ಗುಬ್ಬಚ್ಚಿ. ಸೀಟಿಲ್ಲ, ಹಿಂದೆ ಬಂದು ಕೂತ್ಕೊ ಗುರು ಅಂತ ಅದರ ಪೈಲಟ್ ಮಡಚೋ ಕುರ್ಚಿ ಎಳೆದುಕೊಟ್ಟ. ಮಂಜಿನೊಳಗೆ ಗುಡುಗುಡು ಅಂತ ಇಳಿದ್ವಿ. ಬಿಳಿ ಹಾಲೊಳಗಿಂದ ಒಂದು ನೀರಿನ ಟ್ಯಾಂಕು ಎದ್ದು ಬಂತು, ಆಮೇಲೊಂದು ಚಾವಣಿ, ಬಟ್ಟೆ ಒಣಹಾಕಿದ ಹಗ್ಗ, ಸೈಕಲ್ ತಳ್ಕೊಂಡು ಹೋಗ್ತಿದ್ದ ಒಬ್ಬ ಮನುಷ್ಯ. ಒಂದೊಂದಾಗಿ ಯಾರೋ ನನ್ನೂರನ್ನ ನನ್ನ ಕೈಗೆ ಎತ್ತಿ ಕೊಡ್ತಾ ಇದ್ದ ಹಾಗೆ. ಇಳಿದವನೇ ಗುಬ್ಬಚ್ಚಿ ಕಂಪನಿಗೆ ಫೋನ್ ಮಾಡಿ ಕೆಲಸಕ್ಕೆ ಸೇರ್ತೀನಿ ಅಂತ ಹೇಳಿ, ಸೀದಾ ಕ್ಲಿನಿಕ್ಕಿಗೆ ಹೋದೆ.

ಕುರ್ಚಿ ಮೇಲೆ ಒಬ್ಬರು ಮೇಷ್ಟ್ರು ಬಾಯಿ ತೆಗೆದು ಮಲಗಿದ್ರು. ಹೆಂಡತಿ ಮಾಸ್ಕ್ ಹಾಕ್ಕೊಂಡು ಅವರ ಬಾಯೊಳಗೆ ಬಗ್ಗಿದ್ಲು.

"ಗುಬ್ಬಚ್ಚಿಗೆ ಹೂಂ ಅಂದೆ," ಅಂದೆ.

ಅವಳ ಕೈ ನಿಂತುಹೋಯ್ತು. ತಲೆ ಎತ್ತಲಿಲ್ಲ. "ನನಗೋಸ್ಕರ ತ್ಯಾಗ ಮಾಡ್ದೆ ಅಂತ ಊರ ತುಂಬ ಡೈಲಾಗ್ ಹೊಡ್ಕೊಂಡು ತಿರುಗೋದಾದ್ರೆ ಬೇಡ."

"ನಿನಗೋಸ್ಕರ ಅಲ್ಲ. ಸಂಜೆ ಆದ್ರೆ ನಂಗೆ ಮನೆಗೆ ಬರಬೇಕು ಅನ್ಸುತ್ತೆ, ಅದಕ್ಕೆ."

ಮೇಷ್ಟ್ರು ಗಂಟಲಲ್ಲೇ ಏನೋ ಅಂದ್ರು. ನೀವು ಮಾತಾಡಬೇಡಿ ಮೇಷ್ಟ್ರೇ ಅಂತ ಅವರಿಗೆ ಗದರಿ, ಅವಳು ಮೊದಲ ಸಲ ನನ್ನ ಕಡೆ ನೋಡಿದ್ಲು. ಮಾಸ್ಕ್ ಮೇಲೆ ಕಣ್ಣಷ್ಟೇ. ಒದ್ದೆಯಾಗಿದ್ವು, ಸಿಟ್ಟಾಗೂ ಇದ್ವು.

"ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಮನೆಗೆ ಹೋಗು, ನಿಂಗಿದೆ," ಅಂದ್ಲು. ಅಬ್ಬ, ಬೈಗುಳ ಅಂದ್ರೆ ಇಷ್ಟು ಇಂಪಾಗಿರುತ್ತೆ ಅಂತ ಗೊತ್ತಿರಲಿಲ್ಲ. ಹೊರಡೋಕೆ ತಿರುಗಿದ್ರೆ, ನಿಲ್ಲು ಅಂದ್ಲು. ನರ್ಸಮ್ಮ ಬಂದಿಲ್ವಂತೆ. ಉಗುಳು ಎಳೆಯೋ ಪೈಪು ನನ್ನ ಕೈಗಿಟ್ಲು.

ಮೇಷ್ಟ್ರು ನನ್ನ ಯೂನಿಫಾರ್ಮು, ಹೆಗಲ ಪಟ್ಟಿ, ಕೈಲಿದ್ದ ಪೈಪು ಮೂರನ್ನೂ ನೋಡಿ ಗಾಬರಿಯಾಗಿ ಕಣ್ಣು ಮುಚ್ಕೊಂಡ್ರು. ನಾನು ಅವಳು ತೋರಿಸಿದ ಕಡೆ ಪೈಪಿಟ್ಟು, ಅಲ್ಲಾಡದೆ ನಿಂತೆ.